ಬೆಳ್ಳಪ್ಪನ ದುಂಡು ಅಕ್ಷರ

ಮೂರನೇ ಕ್ಲಾಸಿನ ವಿಶಾಲುವಿನ ಬರವಣಿಗೆ ನೋಡಿದವರಿಗೆ, ಶಾಯಿಯಲ್ಲಿ ಕಾಲು ಅದ್ದಿದ ಕಾಗೆಯೊಂದು ಅವಸರದಲ್ಲಿ ಓಡಿಹೋದಂತೆ ಕಾಣುತ್ತಿತ್ತು. "ಸೋಮವಾರ ಅಪ್ಪನ್ನ ಕರ್ಕೊಂಡು ಬಾ. ಅಷ್ಟರಲ್ಲಿ ಅಕ್ಷರ ಸರಿಯಾಗದಿದ್ರೆ ಎರಡನೇ ಕ್ಲಾಸಿಗೆ ಇಳಿಸ್ತೀನಿ" ಎಂದು, ಸಾಗರಕ್ಕೆ ಹೊಸದಾಗಿ ವರ್ಗವಾಗಿ ಬಂದಿದ್ದ ಮಂಜುನಾಥಪ್ಪ ಮೇಷ್ಟ್ರು ಹೇಳಿ ಕಳಿಸಿದ್ದರು.

ಸೈಕಲ್ ಶಾಪಿನಲ್ಲಿ ದಿನವಿಡೀ ಪಂಕ್ಚರ್ ಹಾಕುವ ಅಪ್ಪ ಬೆಳ್ಳಪ್ಪನಿಗೆ ಇದ್ದ ಆಸೆ ಒಂದೇ, ಮಗಳು ಓದಿ ಟೀಚರಾಗಬೇಕು. ಮುಂದೆ ಹೋಗಬೇಕಾದವಳು ಹಿಂದಕ್ಕೆ ಬಂದರೆ ಹೇಗೆ? ಭಾನುವಾರ ಅಂಗಡಿ ತೆಗೆಯದೆ ಮಗಳನ್ನು ಜಗಲಿಯ ಮೇಲೆ ಕೂರಿಸಿಕೊಂಡ.

ಜಗಲಿಯೆಂದ ಮೇಲೆ ಕೇಳಬೇಕೆ, ಬೀದಿಯವರೆಲ್ಲ ಗುರುಗಳೇ. ಮೊದಲು ಬಂದವಳು ಪಕ್ಕದ ಮನೆಯ ದುರ್ಗಮ್ಮ.

"ಸ್ಲೇಟು ಗೀಟು ಬ್ಯಾಡ ಬೆಳ್ಳಪ್ಪ. ನಮ್ ಕಾಲ್ದಲ್ಲಿ ಮರಳಿನ ಮೇಲೆ ಬೆರಳಲ್ಲಿ ತಿದ್ದುಸ್ತಿದ್ರು."

ಬೆಳ್ಳಪ್ಪ ಹಳ್ಳದಿಂದ ಒಂದು ಬುಟ್ಟಿ ಮರಳು ಹೊತ್ತು ತಂದು ಅಂಗಳದಲ್ಲಿ ಹರವಿದ. ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಎದುರುಮನೆಯ ಟೈಲರ್ ಉಮಾಮಹೇಶ್ವರ ಬಗ್ಗಿ ಮರಳು ನೋಡುತ್ತಿದ್ದ.

"ಪರ್ವಾಗಿಲ್ಲ ಮಾರಾಯ, ನಿನ್ ಮಗಳು ಎಷ್ಟೋ ಸುಧಾರ್ಸಿದಾಳೆ."

"ಅದು ದುರ್ಗಮ್ಮನ ಕೋಳಿ ಕೆದರಿದ್ದು" ಎಂದ ಬೆಳ್ಳಪ್ಪ, ಸಣ್ಣ ದನಿಯಲ್ಲಿ.

"ಹಂಗಾದ್ರೆ ಸ್ಲೇಟಲ್ಲಿ ನೀನೇ ಮೇಲೊಂದು ಸಾಲು ಬರ್ದು ಕೊಡು. ಅವ್ಳು ನೋಡಿ ಕಲೀಲಿ."

ಬೆಳ್ಳಪ್ಪ ಬರೆದ ಸಾಲನ್ನು ಕಂಡು ಉಮಾಮಹೇಶ್ವರ ಹಣೆ ಚಚ್ಚಿಕೊಂಡ. "ಕಾಯ್ಲೆ ಮೂಲ ಇಲ್ಲಿದೆ ನೋಡು. ಮೊದ್ಲು ನೀನು ತಿದ್ದು."

ಅಲ್ಲಿಂದ ಮುಂದೆ ವಿಶಾಲುವನ್ನು ಕೇಳಿದವರೇ ಇಲ್ಲ. ಅಕ್ಷರ ಸೊಟ್ಟಗಾದಾಗಲೆಲ್ಲ ಟೈಲರ್ ತನ್ನ ಸ್ಕೇಲಿನಿಂದ ಬೆಳ್ಳಪ್ಪನ ಬೆರಳ ಗಂಟಿಗೆ ಒಂದು ಬಿಗಿದ. ದುರ್ಗಮ್ಮ ಅವನ ಮಣಿಕಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ತನ್ನ ಹೆಸರನ್ನೇ ಬರೆದು, ಅಳಿಸಿ, ಮತ್ತೆ ಬರೆದು, ದೀಪ ಹಚ್ಚುವ ಹೊತ್ತಿಗೆ ಬೆಳ್ಳಪ್ಪನ ಅಕ್ಷರಗಳು ತಟ್ಟೆಯಲ್ಲಿ ಜೋಡಿಸಿಟ್ಟ ಕೋಡುಬಳೆಗಳ ಹಾಗೆ ದುಂಡಗಾದವು. ವಿಶಾಲು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಬೆಳ್ಳಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಪ್ಪ ಅಂತ ಯಾರ್ಯಾರನ್ನೋ ಕರ್ಕೊಂಡು ಬರೋದು ಈ ಸ್ಕೂಲಲ್ಲಿ ಜಾಸ್ತಿ ಆಗಿದೆ. ಮೊನ್ನೆ ಒಬ್ಬ ಹುಡುಗ ಹೋಟ್ಲು ಸಪ್ಲೈಯರ್‌ನ ಕರ್ಕೊಂಡು ಬಂದಿದ್ದ. ಎಲ್ಲಿ, ಒಂದು ಸಹಿ ಹಾಕು."

ಬೆಳ್ಳಪ್ಪ ಹೆಮ್ಮೆಯಿಂದ ದುಂಡಗೆ ಸಹಿ ಹಾಕಿದ. ಮೇಷ್ಟ್ರು ಅಡ್ಮಿಷನ್ ರಿಜಿಸ್ಟರ್ ತೆಗೆದರು. ಮಗಳನ್ನು ಸೇರಿಸುವಾಗ ಅವನು ಹಾಕಿದ್ದ ಸಹಿ ಅಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗಿ ಬಿದ್ದುಕೊಂಡಿತ್ತು.

"ಇದು ನಿನ್ನ ಕೈಯಲ್ಲ."

"ನಂದೇ ಸ್ವಾಮಿ, ನಿನ್ನೆ ಸರಿ ಮಾಡ್ಕಂಡೆ."

ಹಳೆಯ ಹಾಗೆ ಬರೆದು ತೋರಿಸಲು ಬೆಳ್ಳಪ್ಪ ಬೆವರು ಸುರಿಸಿ ಹೆಣಗಿದ. ಎಣ್ಣೆ ತಿಕ್ಕಿಸಿಕೊಂಡ ಮಣಿಕಟ್ಟು ಮಾತು ಕೇಳಲಿಲ್ಲ. ಎರಡನೆಯ ಸಹಿ ಮೊದಲನೆಯದಕ್ಕಿಂತ ದುಂಡಗೆ ಬಂತು.

ಅಪ್ಪನ ಪಾಡು ನೋಡಲಾರದೆ ವಿಶಾಲು ಪೆನ್ನು ತೆಗೆದುಕೊಂಡಳು. "ನಮ್ಮಪ್ಪ ಹಿಂಗೆ ಬರೆಯೋದು ಸಾರ್" ಎಂದು 'ಬೆಳ್ಳಪ್ಪ' ಎಂದು ಗೀಚಿದಳು. ರಿಜಿಸ್ಟರಿನ ಸಹಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಮೇಷ್ಟ್ರ ಮುಖ ಅರಳಿತು. "ಹೀಗೋ ವಿಷಯ. ಅಕ್ಷರ ಅಪ್ಪನಿಂದಲೇ ಬಂದಿದೆ, ಹುಡುಗಿ ತಪ್ಪೇನಿದೆ ಪಾಪ. ಇಳಿಸೋದಿಲ್ಲ, ಹೋಗಮ್ಮ, ನಿನ್ನ ಕ್ಲಾಸಲ್ಲೇ ಕೂತ್ಕೋ."

ಬೆಳ್ಳಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಕೈಮುಗಿದು ಹೊರಟವನನ್ನು ಮೇಷ್ಟ್ರು ತಡೆದರು.

"ನೀನ್ಯಾರೋ ಗೊತ್ತಿಲ್ಲ, ಅಕ್ಷರ ಮಾತ್ರ ಚೆನ್ನಾಗಿದೆ. ನಾಳೆ ಬಂದು ನನ್ನ ಕಾಣಬೇಕು ಅಂತ ಆ ಬೆಳ್ಳಪ್ಪನಿಗೆ ಒಂದು ಚೀಟಿ ಬರಿ."

ಬೆಳ್ಳಪ್ಪ ಬೆಂಚಿನ ತುದಿಯಲ್ಲಿ ಕೂತು ಬೆಳ್ಳಪ್ಪನಿಗೆ ದುಂಡಗೆ ಚೀಟಿ ಬರೆದ. ಮೇಷ್ಟ್ರು ಓದಿ, ತಲೆದೂಗಿ, ಮಡಚಿ ಅವನ ಕೈಗಿಟ್ಟರು.

"ಅವನಿಗೇ ಕೊಡು. ತಲುಪಿದೆ ಅಂತ ಅವನ ಸಹಿ ಮಾಡಿಸ್ಕೊಂಡು ಬಾ."