ಮೊದಲು ನಿಮ್ಮ ಕನಸೇನು ಅಂತ ಕೇಳಬೇಕಂತೆ

ಸೋಪು, ಟೂತ್‌ಪೇಸ್ಟು ಮಾರುವವರ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎನ್ನುವವರು ಒಂದು ಸಲ ನಮ್ಮ ಭಾನುವಾರದ ಮೀಟಿಂಗಿಗೆ ಬರಬೇಕು. ಮೀಟಿಂಗ್ ತಪ್ಪಿದರೂ ನಗುವಂಥ ಒಂದು ಪ್ರಸಂಗ ತಪ್ಪುವುದಿಲ್ಲ. ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದ ಮೇಲೆ ನಾನು, ಸಾಮಾನು ಮಾರುತ್ತಾ ಮಾರುವವರನ್ನೂ ಸೇರಿಸಿಕೊಳ್ಳುತ್ತಾ ಹೋಗುವ ನೆಟ್‌ವರ್ಕ್ ಮಾರ್ಕೆಟಿಂಗಿಗೆ ಇಳಿದೆ. ನಮ್ಮ ಕಂಪನಿಯಲ್ಲಿ ಕನಸು ಮೊದಲು, ಸಾಮಾನು ಆಮೇಲೆ. ಹೊಸಬರನ್ನು ಸೇರಿಸಿಕೊಂಡವರು ಅವರ ಕನಸು ಬಾಡದಂತೆ ನೋಡಿಕೊಳ್ಳಬೇಕು. ಹಗಲುಗನಸು ಕಾಣುವುದು ನನಗೆ ಹುಟ್ಟುಗುಣ. ಆಫೀಸಿನಲ್ಲಿ ಅದಕ್ಕೇ ಬೈಸಿಕೊಳ್ಳುತ್ತಿದ್ದೆ, ಇಲ್ಲಿ ಅದಕ್ಕೇ ಚಪ್ಪಾಳೆ.

ಈ ಮದರಾಸಿನಲ್ಲಿ ನಾನು ಸೇರಿಸಿದವರು ಮೂವರು: ಅಣ್ಣಾ ನಗರದ ಒಬ್ಬ ಟೀಚರ್, ರೈಲ್ವೆಯಿಂದ ನಿವೃತ್ತರಾದ ಒಬ್ಬ ಮಾಮಾ, ಪಲ್ಲಾವರಂನ ಒಬ್ಬ ಗೃಹಿಣಿ. ಈ ಪಲ್ಲಾವರಂನವಳು ಮಾತಾಡಿದರೆ ಅವಳ ಸೆರಗಿಗಷ್ಟೇ ಕೇಳಿಸುತ್ತಿತ್ತು. ಮನೆ, ಅಡುಗೆ ಬಿಟ್ಟರೆ ಅವಳದೆಂದು ಇದ್ದದ್ದು ನಮ್ಮ ಮೀಟಿಂಗ್ ಒಂದೇ. ಬ್ಯಾಂಕಿನಲ್ಲಿರುವ ಅವಳ ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಪೊಂಗಲ್ ಹಬ್ಬದ ಒಳಗೆ ಒಬ್ಬರನ್ನಾದ್ರೂ ಸೇರಿಸು. ಇಲ್ಲಾಂದ್ರೆ ಇದೆಲ್ಲ ವೇಂಡಾಂ, ಬೇಡವೇ ಬೇಡ, ಮನೇಲಿರು." ಅವಳು ಬರುವುದು ನಿಂತುಹೋದೀತೆಂದು ಅವಳಿಗಿಂತ ನನಗೇ ಹೆಚ್ಚು ಭಯವಾಗಿತ್ತು.

ಪೂಜೆಗೊಂಡ ಕಾರು

ಕನಸಿನ ಚಿತ್ರವನ್ನು, ಬೆಳಗ್ಗೆ ಎದ್ದ ಕೂಡಲೇ ಕಾಣುವ ಕಡೆ ಅಂಟಿಸಬೇಕು ಎಂಬುದು ನಮ್ಮ ಮೊದಲ ಪಾಠ. ಟೀಚರ್ ಎದ್ದ ಕೂಡಲೇ ಹೋಗುವುದು ದೇವರ ಮನೆಗೆ. ಹಾಗಾಗಿ ಅಲ್ಲಿನ ಗೋಡೆಗೇ ಒಂದು ಕೆಂಪು ಕಾರಿನ ಚಿತ್ರ ಅಂಟಿಸಿದರು. ಅವರ ತಾಯಿ, "ಹೇಗೂ ಮನೆಗೆ ಬರೋ ಗಾಡಿ ತಾನೇ" ಎಂದು ದಿನವೂ ಅದಕ್ಕೆ ಕುಂಕುಮ ಇಟ್ಟು, ಊದುಬತ್ತಿ ಬೆಳಗತೊಡಗಿದರು. ಆಯುಧಪೂಜೆಯ ದಿನ ಚಿತ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸಿ, ದೃಷ್ಟಿಯನ್ನೂ ತೆಗೆಸಿದರು.

ದೀಪಾವಳಿಯ ಹೊತ್ತಿಗೆ ಟೀಚರಿಗೆ ಕಾರು ಬೇಡವಾಗಿ ಸ್ವಂತ ಮನೆಯ ಕನಸು ಹತ್ತಿತು. ಹಳೆಯ ಚಿತ್ರ ಕೀಳಲು ಹೋದರೆ ತಾಯಿ ಬಿಡಲಿಲ್ಲ.

"ಪೂಜೆ ಆದದ್ದನ್ನ ಕಸಕ್ಕೆ ಹಾಕ್ತಾರೇನೇ? ನೀರಿಗೆ ಬಿಡ್ಬೇಕು."

ಮನೆಮಂದಿಯೆಲ್ಲ ಆಟೋ ಹಿಡಿದು ಬೀಚಿಗೆ ಹೋಗಿ, ಭಕ್ತಿಯಿಂದ ಕಾರನ್ನು ಸಮುದ್ರಕ್ಕೆ ಬಿಟ್ಟರು. ಆಟೋದಲ್ಲಿ ಹೋಗಿ ಕಾರು ಮುಳುಗಿಸಿ ಬಂದ ಕುಟುಂಬ ಮದರಾಸಿನಲ್ಲಿ ಅದೊಂದೇ ಇರಬೇಕು.

ಮಾಮಾ ಕಟ್ಟಿದ ಟೀಮು

ಮೀಟಿಂಗ್ ನಡೆಯುವುದು ಕೀಲ್ಪಾಕಿನ ನಮ್ಮ ಮನೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಪರದೆ ಎಳೆದು, ಫ್ಯಾನ್ ಹಾಕಿ, ಎಲ್ಲರೂ ಕಣ್ಣು ಮುಚ್ಚಿ ತಮ್ಮ ಕನಸನ್ನು ಕಾಣಬೇಕು. "ನಿಮ್ಮ ಬಾಲ್ಕನಿ... ಎದುರಿಗೇ ಸಮುದ್ರ... ತಣ್ಣನೆ ಗಾಳಿ..." ಎಂದು ನಾನು ಮೆಲ್ಲಗೆ ಹೇಳುತ್ತಾ ಹೋಗುತ್ತೇನೆ. ಹೇಳುತ್ತಾ ಹೇಳುತ್ತಾ ನಾನೇ ಆ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತಿರುತ್ತೇನೆ. ಅಲ್ಲಿಂದ ಎದ್ದು ಬರಲು ಮನಸ್ಸೇ ಆಗುವುದಿಲ್ಲ.

ಒಂದು ಭಾನುವಾರ ನನ್ನನ್ನು ಅಲ್ಲಿಂದ ಎಬ್ಬಿಸಿದ್ದು ಮಾಮಾನ ಗೊರಕೆ. ಅವರನ್ನು ತಟ್ಟಿ, "ಏನು ಕಂಡಿರಿ ಮಾಮಾ?" ಎಂದೆ.

"ಏನೂ ಕಾಣ್ಲಿಲ್ಲಮ್ಮ, ಅದೇ ಸುಖ. ನಮ್ಮನೇಲಿ ಮೊಮ್ಮಕ್ಕಳ ಗಲಾಟೇಲಿ ಇಂಥ ನಿದ್ದೆ ಎಲ್ಲಿ ಬರುತ್ತೆ?"

ಮುಂದಿನ ವಾರ ಅವರು ತಮ್ಮ ವಾಕಿಂಗ್ ಸ್ನೇಹಿತರಿಬ್ಬರನ್ನು ಕರೆತಂದರು. ಅಂತೂ ಮಾಮಾ ಟೀಮ್ ಕಟ್ಟಿದರಲ್ಲ ಎಂದು ನಾನು ಹಿರಿಹಿರಿ ಹಿಗ್ಗಿದೆ. ಮಾಮಾನ ಕೈಯಲ್ಲಿ ಒಂದು ದೊಡ್ಡ ಚೀಲವೂ ಇತ್ತು. ತೆಗೆದುಕೊಂಡ ಸಾಮಾನನ್ನೆಲ್ಲ ವಾಪಸ್ ತಂದರೋ ಏನೋ ಎಂದು ಚೀಲ ಇಸಿದುಕೊಂಡೆ. ಬಿಚ್ಚಿದರೆ ಒಳಗೆ ಮೂರು ದಿಂಬು.

ಪಲ್ಲಾವರಂ ಸಂತೆ

ಹೊಸಬರು ಮೊದಲು ಜನರ ಬಳಿ ಹೋಗುವಾಗ, ಸೇರಿಸಿದವರು ಧೈರ್ಯಕ್ಕೆ ಜೊತೆಯಲ್ಲಿರಬೇಕು. ಪಲ್ಲಾವರಂನವಳನ್ನು ಅವಳ ಊರಿನ ಸಂತೆಗೇ ಕರೆದುಕೊಂಡು ಹೋದೆ. "ಮಾರೋಕೆ ಹೋಗ್ಬೇಡ. ಕನಸೇನು ಅಂತ ಕೇಳು, ಪೂರ್ತಿ ಕೇಳಿಸ್ಕೋ" ಎಂದು ಹೇಳಿಕೊಟ್ಟೆ.

ಅವಳು ಹೇಳಿದ ಮಾತು ಮೀರುವವಳಲ್ಲ. ಹಳೆಯ ಗಡಿಯಾರ ಮಾರುವವನ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಆಮೇಲೆ ಗಿಡ ಮಾರುವವಳ ಕನಸು, ಅದಾದ ಮೇಲೆ ಚಾಪೆಯವನದು. ಅವರೂ ತಮಿಳಿನಲ್ಲಿ ಮನಸ್ಸು ಬಿಚ್ಚಿ ಹೇಳಿಕೊಂಡರು. ಬಿಸಿಲೇರಿದ ಮೇಲೆ ಅವಳು ಒಂದು ಗೋಡೆ ಗಡಿಯಾರ, ಎರಡು ಗುಲಾಬಿ ಗಿಡ, ಒಂದು ಚಾಪೆ ಹೊತ್ತು ಬಂದಳು.

"ಯಾರಾದ್ರೂ ಸೇರಿದ್ರಾ?" ಎಂದೆ.

"ಇಲ್ಲ ಅಕ್ಕ. ಪಾಪ, ಅಷ್ಟೆಲ್ಲ ಕೇಳಿದ್ಮೇಲೆ ಏನಾದ್ರೂ ತಗೊಳ್ದೆ ಹೇಗೆ ಬರೋದು?"

ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ನನ್ನ ಕೈಯಲ್ಲೂ ಒಂದು ಹಿತ್ತಾಳೆ ಕೊಡಪಾನ ಬಂದು ಸೇರಿತ್ತು.

ಮನೆಯಲ್ಲೇ ಸಿಕ್ಕ ಗಿರಾಕಿ

ಪೊಂಗಲ್ ಹತ್ತಿರ ಬಂತು. ಭಾನುವಾರ ಅವಳ ಜೊತೆ ಗಂಡನೂ ಬಂದರು. "ಒಬ್ರೂ ಸೇರ್ಲಿಲ್ಲ. ಇನ್ಮೇಲೆ ಇವಳು ಬರೋದಿಲ್ಲ ಮೇಡಂ, ಹೇಳಿ ಹೋಗೋಣಾಂತ ಬಂದೆ" ಎಂದರು. ಇಷ್ಟು ಜನರನ್ನು ಹುರಿದುಂಬಿಸುವ ನನಗೆ ಸಂಕಟವಾಯಿತು.

ಆಗ ಅವಳು ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು: "ರೀ, ನಿಮ್ಮ ಕನಸೇನು?"

ಅವರು ನಕ್ಕರು. ಆಮೇಲೆ ಕೂತರು. ಮದುವೆಮನೆಯ ಕೊಪ್ಪರಿಗೆಯಲ್ಲಿ ತಾವೇ ಹುಳಿ ಕುದಿಸಬೇಕಂತೆ. ಒಗ್ಗರಣೆಯ ಘಮ ಬೀದಿಯ ಕೊನೆಯವರೆಗೂ ಹೋಗಬೇಕಂತೆ. ಪಂಕ್ತಿಯ ತುದಿಯಲ್ಲಿ ಯಾರೋ ಅಪರಿಚಿತರು, "ಇನ್ನೂ ಸ್ವಲ್ಪ ಬಡಿಸಿ" ಅನ್ನಬೇಕಂತೆ. ಅವಳು ಗಲ್ಲಕ್ಕೆ ಕೈಯಿಟ್ಟು ಕೇಳುತ್ತಲೇ ಇದ್ದಳು. ನಮಗೆಲ್ಲ ಬಾಯಲ್ಲಿ ನೀರೂರಿತು.

ಅವರು ಕನ್ನಡಕ ಒರೆಸಿಕೊಂಡರು. "ಇಷ್ಟು ವರ್ಷ ಇದನ್ನ ಯಾರೂ ಕೇಳಿರ್ಲಿಲ್ಲ. ನನ್ನನ್ನೇ ಸೇರಿಸ್ಕೋ."

ನನ್ನ ಕಣ್ಣೂ ತುಂಬಿತ್ತು. ಆದರೂ ನಿಯಮ ಹೇಳಲೇಬೇಕಾಯಿತು: ನಮ್ಮ ಕಂಪನಿಯಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಒಬ್ಬರೇ. ಗಂಡನನ್ನು ಸೇರಿಸಿದರೆ ಲೆಕ್ಕಕ್ಕಿಲ್ಲ.

"ಇದೆಂಥ ಅನ್ಯಾಯ ಮೇಡಂ? ಪೊಂಗಲ್ ಬಂದೇ ಬಿಡ್ತು, ಇನ್ನು ಇವಳು ಯಾರನ್ನ ಹುಡುಕ್ತಾಳೆ?" ಎಂದು ಅವರು ರೇಗಿದರು. ಗಡುವು ಹಾಕಿದವರು ತಾವೇ ಎಂಬುದು ಮರೆತೇಹೋಗಿತ್ತು.

ಅಂದಿನಿಂದ ಬ್ಯಾಂಕು ಮುಗಿದ ಕೂಡಲೇ ಅವರೇ ಹೊರಟರು. ಕಂಡಕಂಡವರನ್ನು ತಡೆದು ಕನಸು ಕೇಳಿದರು. ಸಹೋದ್ಯೋಗಿಗಳು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡತೊಡಗಿದರು. ಕೊನೆಗೆ ಪೊಂಗಲ್‌ನ ಹಿಂದಿನ ದಿನ, ಭೋಗಿಯ ಬೆಳಗ್ಗೆ, ಬೇರೆ ದಾರಿ ಕಾಣದೆ, ತಮ್ಮ ತಾಯಿಯನ್ನೇ ಕೈಹಿಡಿದು ನಮ್ಮನೆಗೆ ಕರೆತಂದರು. ಹಿಂದೆಯೇ ಸೊಸೆ.

ಯಾರಾದರೇನು, ಪದ್ಧತಿ ಪದ್ಧತಿಯೇ. "ಅಮ್ಮಾ, ನಿಮ್ಮ ಕನಸೇನು?" ಎಂದೆ.

ಅಜ್ಜಿ ಸೊಸೆಯ ಮುಖ ನೋಡಿದರು, ಮಗನ ಮುಖ ನೋಡಿದರು.

"ಇವನು ದಿನಾ ಸಾಯಂಕಾಲ ಬಂದು ಅಡುಗೆಮನೇಲಿ ನಿಂತ್ಕೊಂಡು, ಹುಳಿಗೆ ಉಪ್ಪು ಸಾಲದು, ಒಗ್ಗರಣೆ ಸರಿ ಇಲ್ಲ ಅಂತ ನಮ್ಮಿಬ್ಬರ ಪ್ರಾಣ ತಿಂತಿದ್ದ. ಎಲ್ಲಾದ್ರೂ ಹೊರಗೆ ತಿರುಗಾಡ್ಕೊಂಡಿರ್ಲಪ್ಪಾ ಅನ್ನೋದೇ ನನ್ನ ಕನಸು. ಈ ವಾರ ಪೂರ್ತಿ ನನಸಾಗಿದೆ. ಎಲ್ಲಿ ಸೈನ್ ಹಾಕ್ಬೇಕು, ಬೇಗ ತೋರಿಸಮ್ಮ."