ಬ್ಯಾಲೆನ್ಸ್ ತಪ್ಪಿದ ಹಿರಿಯಳಿಯ

ಬಿಟಿಎಂ ಲೇಔಟಿನಲ್ಲಿ ನನ್ನ ಹಳೇ ಕಾರನ್ನು ಇನ್ನು ಯಾರೂ ಓವರ್‌ಟೇಕ್ ಮಾಡಕೂಡದು! ಎರಡು ಸಾವಿರದ ಐದರ ದಸರೆಗೆ ನಾನು ಮಾಡಿದ ಶಪಥ ಇದು.

ಉಪಾಯ ಕೊಟ್ಟವನು ಆಫೀಸಿನ ಚೈತನ್ಯ. "ಎಂಜಿನ್ ಒಳಗೆ ಬ್ಯಾಲೆನ್ಸ್ ಶಾಫ್ಟ್ ಅಂತ ಎರಡು ಕಂಬಿ ಸುಮ್ನೆ ತಿರುಗ್ತಿರ್ತವೆ ಗುರು. ತೆಗೆಸಿಬಿಡು, ಆ ಪವರೆಲ್ಲ ಚಕ್ರಕ್ಕೆ ಹೋಗುತ್ತೆ."

"ಮತ್ತ ಅವನ್ನ ಯಾಕ ಇಟ್ಟಾರ?" ಎಂದಳು ಹೆಂಡತಿ ಶ್ವೇತಾ.

"ಕಾರು ನಡುಗಬಾರದು ಅಂತ. ಗಂಡಸಿನ ಕಾರು, ಸ್ವಲ್ಪ ನಡುಗಿದ್ರ ಏನಾತು?"

ತೆಗೆಸಿದೆ. ಕಾರು ಬಾಣದಂತೆ ಓಡಿತು. ನಿಂತಾಗ ಮಾತ್ರ ಮಲೇರಿಯಾ ಬಂದಂತೆ ಗಡಗಡ ನಡುಗುತ್ತಿತ್ತು. ಅದೇ ಪವರಿನ ಲಕ್ಷಣವೆಂದುಕೊಂಡೆ.

ಮುಂದಿನ ಭಾನುವಾರ ನನ್ನ ನಾದಿನಿಯನ್ನು ನೋಡಲು ನಮ್ಮ ಮನೆಗೆ ಉತ್ತರಹಳ್ಳಿಯಿಂದ ಹುಡುಗನ ತಂದೆ ಗುರುಶಾಂತಪ್ಪನವರು ಬಂದರು. ಹಿಂದಿನ ಸಂಬಂಧಗಳೆಲ್ಲ ತಪ್ಪಿ, ಅತ್ತೆ ದಾನಮ್ಮ ದೇವರಿಗೆ ಮುಡಿಪು ಕಟ್ಟಿ ಕೂತಿದ್ದರು. ಬಂದವರು ಉಪ್ಪಿಟ್ಟು ತಿಂದು, "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಎದ್ದರು. ಕಾರಿನ ಪ್ರತಾಪ ತೋರಿಸಲು ನಾನೇ ಬಿಟ್ಟುಬರುತ್ತೇನೆಂದೆ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಅವರು ನನ್ನ ಪಕ್ಕ ಕೂತರು.

ಬನಶಂಕರಿ ಸಿಗ್ನಲ್ಲಿನಲ್ಲಿ ನಿಂತಾಗ ಮೆಲ್ಲಗೆ ಕೇಳಿದೆ. "ಹುಡುಗಿ ಮನಸ್ಸಿಗೆ ಬಂದ್ಲೇನ್ರಿ?"

ಅವರ ಗೋಣು ಹೌದೆನ್ನುವಂತೆ ಆಡಿತು.

"ದೀಪಾವಳಿ ಮುಗಿದ ಮ್ಯಾಲ ಮದುವಿ ಇಟ್ಕೊಳ್ಳೋಣೇನ್ರಿ?"

ಮತ್ತೂ ಆಡಿತು.

"ಊಟದ ಖರ್ಚೂ ನಿಮ್ಮದೇನ್ರಿ?"

ದೀಪ ಹಸಿರಾಗುವವರೆಗೂ ಆಡುತ್ತಲೇ ಇತ್ತು. ಇಷ್ಟು ಧಾರಾಳದ ಬೀಗರನ್ನು ನಾನು ಕಂಡಿರಲಿಲ್ಲ. ನನ್ನ ಗೋಣೂ ಜೊತೆಗೆ ಆಡುತ್ತಿತ್ತು, ಸಂತೋಷಕ್ಕಿರಬೇಕು ಅಂದುಕೊಂಡೆ. ಪೆಟ್ರೋಲ್ ಬಂಕಿನಲ್ಲಿ ಇಳಿದು ಮನೆಗೆ ಫೋನ್ ಮಾಡಿದೆ. ನಾನು ಫೋನ್ ಇಡುವ ಮೊದಲೇ ಅತ್ತೆ ಆನಂದದಿಂದ ಇಡೀ ಬಿಲ್ಡಿಂಗಿಗೆ ಪೇಡೆ ಹಂಚಲು ಹೊರಟರು.

ಉತ್ತರಹಳ್ಳಿಯ ತಮ್ಮ ಮನೆ ಮುಂದೆ ಇಳಿದ ಗುರುಶಾಂತಪ್ಪನವರು ಎಲೆ ಅಡಿಕೆ ಉಗಿದು, ಎರಡೂ ಕೈಯಿಂದ ಕತ್ತು ಹಿಡಿದುಕೊಂಡರು.

"ಏನೇನೋ ಕೇಳಿದ್ರಿ, ಬಾಯಿ ತುಂಬಿತ್ತು. ಈಗ ಹೇಳ್ತೀನಿ ಕೇಳ್ರಿ. ಗೋಣ ಆಡಿಸಿದ್ದು ನಾ ಅಲ್ಲ, ನಿಮ್ಮ ಕಾರು."

ನಾನು ಇಳಿದು ಕೈ ಜೋಡಿಸಿದೆ. "ಮನಿಯಾಗ ಪೇಡೆ ಹಂಚಿಬಿಟ್ಟಾರ್ರೀ. ಹಂಗಾದ್ರ ಹುಡುಗಿ ವಿಚಾರ?"

ಅವರು ಗೇಟಿನ ಬಳಿ ನಡುಗುತ್ತಿದ್ದ ಕಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಹುಡುಗಿ ವಿಚಾರ ಅಲ್ಲೇ ಮುಗದೈತ್ರಿ, ಭಾಳ ಮನಸ್ಸಿಗೆ ಬಂದಾಳ. ನಾವು ವಿಚಾರ ಮಾಡಾಕತ್ತಿದ್ದು ಆ ಮನಿ ಹಿರೇ ಅಳಿಯನ ಬಗ್ಗೆ."