ಒಬ್ಬನೇ ನಿಂತ ಸಾಲು

ಒಬ್ಬನೇ ಮನುಷ್ಯನನ್ನು ಸಾಲಾಗಿ ನಿಲ್ಲಿಸಬಲ್ಲವರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅದು ನಮ್ಮ ಪಿ.ಟಿ. ಸರ್. ಹಾಗೆ ನಿಂತವನು ನಾನು. ಆದರೆ ಮೊದಲೇ ಹೇಳಿಬಿಡುತ್ತೇನೆ: ಇದರಲ್ಲಿ ನಡೆದದ್ದೆಷ್ಟು, ಇಷ್ಟು ವರ್ಷ ಚಹಾದಂಗಡಿಗಳಲ್ಲಿ ಹೇಳುತ್ತ ಹೇಳುತ್ತ ನಾನೇ ಸೇರಿಸಿದ್ದೆಷ್ಟು ಎಂಬುದು ನನಗೀಗ ಖಾತ್ರಿಯಿಲ್ಲ. ವಿಶ್ವವಿದ್ಯಾಲಯ ನನಗೆ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸಿತು. ಬೇರೇನನ್ನೂ ಕಲಿಸದ ಕಾರಣ ಆ ವಿದ್ಯೆಯನ್ನು ಈಗ ನನ್ನ ನೆನಪಿನ ಮೇಲೆಯೇ ಪ್ರಯೋಗಿಸುತ್ತಿದ್ದೇನೆ.

ಸುರಪುರದ ನಮ್ಮ ಕಾಲೇಜಿನವರು ಸಗರದಲ್ಲಿ ಏಳು ದಿನಗಳ ಯುವ ಸೇವಾ ಶಿಬಿರ ಇಟ್ಟಿದ್ದರು. ಊರಿನ ಶಾಲೆಯಲ್ಲಿ ವಾಸ, ನಲವತ್ತು ಹುಡುಗರು, ಶಿಸ್ತಿಗೆ ಪಿ.ಟಿ. ಸರ್. ನಾನೇನು ಸೇವೆ ಮಾಡಲು ಹೋದವನಲ್ಲ. ಏಳೂ ದಿನ ಹಾಜರಿದ್ದವರಿಗೆ ಪ್ರಮಾಣಪತ್ರ, ಪ್ರಮಾಣಪತ್ರ ಇದ್ದವರಿಗೆ ಎಂ.ಎ. ಸೀಟಿಗೆ ಒಂದಿಷ್ಟು ಹೆಚ್ಚಿನ ಅಂಕ. ನನ್ನ ಅಂಕಪಟ್ಟಿ ಆ ಆಸರೆಯಿಲ್ಲದೆ ನಿಲ್ಲುವಂತಿರಲಿಲ್ಲ.

ಸರ್ ಮಾತಿಗಿಂತ ಸೀಟಿಯನ್ನು ನಂಬಿದವರು. ಏಳಲು ಒಂದು ಸೀಟಿ, ಕಸರತ್ತಿಗೆ ಎರಡು, ಉಪ್ಪಿಟ್ಟಿಗೆ ಮೂರು. ಮೂರನೆಯದು ಮುಗಿಯುವ ಮೊದಲೇ ಓಡಿದವನಿಗೆ ಉಪ್ಪಿಟ್ಟು ಎಲ್ಲರಿಗಿಂತ ಕೊನೆಗೆ. ನಿಯಮ ಅವರಿಗೂ ಅನ್ವಯ. ಎರಡನೆಯ ದಿನ ಬೂಟು ಸಿಗದೆ ಧ್ವಜವಂದನೆಗೆ ಎರಡು ನಿಮಿಷ ತಡವಾಗಿ ಬಂದರು. ತಡವಾದವರ ಪಟ್ಟಿಯಲ್ಲಿ ತಮ್ಮ ಹೆಸರನ್ನೇ ಬರೆದುಕೊಂಡು, ಶಿಕ್ಷೆಯಾಗಿ ಬೇಳೆಯ ಬೋಗುಣಿ ತಿಕ್ಕಿದರು. ತಿಕ್ಕಿದ್ದನ್ನು ತಾವೇ ಪರೀಕ್ಷಿಸಿ, ಸರಿಯಾಗಿಲ್ಲವೆಂದು ತಮ್ಮನ್ನೇ ಗದರಿಸಿಕೊಂಡು ಮತ್ತೊಮ್ಮೆ ತಿಕ್ಕಿದರು. ಈ ಎರಡನೆಯ ತಿಕ್ಕುವಿಕೆ ಬಹುಶಃ ನಾನು ಸೇರಿಸಿದ್ದು.

ಐದನೆಯ ದಿನ ನಾನು ವ್ಯವಸ್ಥೆಯ ವಿರುದ್ಧ ಬಂಡೆದ್ದೆ. ಬಂಡಾಯದ ಕಾರ್ಯಕ್ರಮ ಹೀಗಿತ್ತು: ನಸುಕಿನಲ್ಲಿ ಶಾಲೆಯ ಗೋಡೆ ಹಾರುವುದು, ಟಂಟಂ ಹಿಡಿದು ಶಹಾಪುರ ಸೇರುವುದು, ಸೂಸಲಾ-ಮಿರ್ಚಿ ತಿನ್ನುವುದು, ಸೀಟಿ ಕೇಳಿಸದ ಕಡೆ ಸಂಜೆಯವರೆಗೆ ಮಲಗುವುದು. ನನ್ನ ಹೆಸರು ಕೂಗಿದಾಗ ಗೆಳೆಯ ಮಹಿಬೂಬ ದನಿ ಬದಲಿಸಿ ‘ಹಾಜರ್’ ಅನ್ನುವುದೆಂದು ಒಪ್ಪಂದವಾಗಿತ್ತು. ಅವನು ಹೇಳಿದ್ದಷ್ಟೇ ಅಲ್ಲ, ನನಗಿಂತ ಚೆನ್ನಾಗಿಯೇ ಹೇಳಿದನಂತೆ.

ನಮಗೆ ಗೊತ್ತಿಲ್ಲದ್ದು ಒಂದಿತ್ತು. ಸರ್ ಹಾಜರಿ ಕೂಗುತ್ತಿದ್ದುದು ಬರೀ ಪದ್ಧತಿಗಾಗಿ. ನಂಬುತ್ತಿದ್ದುದು ತಾಟುಗಳನ್ನು. ಪ್ರತಿ ತಾಟಿಗೂ ಬಣ್ಣದಲ್ಲಿ ಒಂದು ನಂಬರು. ಊಟವಾದ ಮೇಲೆ ತೊಳೆದು ಕವುಚಿದ ನಲವತ್ತನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಸಂಜೆ ನಾನು ಒಳಗೆ ನುಸುಳಿದಾಗ ಪಡಸಾಲೆಯಲ್ಲಿ ನನ್ನ ನಂಬರಿನ, ಇಪ್ಪತ್ತೇಳನೆಯ ತಾಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಮುಂಜಾನಿ ಹಾಜರ್ ಅಂದಿ, ಮಧ್ಯಾಹ್ನ ಹಾಜರ್ ಅಂದಿ. ತಾಟು ಒಣಾ ಅದ. ಉಪಾಸೇನಪಾ?”

“ಹೊಟ್ಟಿ ಸರಿ ಇದ್ದಿದ್ದಿಲ್ರಿ ಸರ್.”

“ಹೌದೌದು. ಮಿರ್ಚಿ ವಾಸನಿ ಇಲ್ಲೀತನಕ ಬರಾಕತ್ತದ.”

ಮಹಿಬೂಬ ನಡುವೆ ಬಂದ. “ಒಂದು ದಿನದ್ದು ಬಿಟ್ಟುಬಿಡ್ರಿ ಸರ್. ಅವನ ಸೀಟು ಹೋಗ್ತದ.”

“ಬಿಡಾಕ ಅದೇನ್ ನಮ್ಮನಿ ಎಮ್ಮೇನು? ರಜಿಸ್ಟರ್ ಅದು.” ಸ್ವಲ್ಪ ಹೊತ್ತು ತಾಟನ್ನೇ ನೋಡಿದರು. “ಎಂಟನೇ ದಿನ ಮಾಡ್ಲಿ. ಪೂರ್ತಿ ದಿನ. ನಾ ಇರ್ತೀನಿ.”

“ಸರ್, ಅವತ್ತು ನಿಮ್ದು…” ಎಂದು ಮಹಿಬೂಬ ಬಾಯಿ ತೆರೆದ.

“ನೀ ಸುಮ್ನ ಕುಂದ್ರು.”

ಏಳನೆಯ ದಿನ ಸಂಜೆ ಎಲ್ಲರೂ ಹಾಡುತ್ತ ಟೆಂಪೊ ಹತ್ತಿದರು. ಎಂಟನೆಯ ದಿನ ಬೆಳಿಗ್ಗೆ ಐದಕ್ಕೆ ನನ್ನ ಕಿವಿಯಿಂದ ಎರಡು ಮಾರು ದೂರದಲ್ಲಿ ಸೀಟಿ ಮೊಳಗಿತು. ಸಾಲಾಗಿ ನಿಂತೆ.

“ನಂಬರ್ ಎಣಿಸು.”

“ಒಂದು.”

“ಸಾಲಿನಾಗ ಕೊನಿಯವ ಯಾರು?”

“ಅವನೂ ನಾನೇರಿ.”

“ಹಂಗಾದ್ರ ಜರಾ ನೆಟ್ಟಗ ನಿಂದ್ರು. ಸಾಲು ಸೊಟ್ಟ ಕಾಣಾಕತ್ತದ.”

ಆಮೇಲೆ ಪ್ರಭಾತ ಫೇರಿ. ನಾನು ಮುಂದೆ ನಡೆಯುತ್ತ ಸ್ವಚ್ಛತೆಯ ಘೋಷಣೆ ಕೂಗುವುದು, ಹಿಂದಿನಿಂದ ಸರ್ ಒಬ್ಬರೇ ಗುಂಪಾಗಿ ಉತ್ತರಿಸುವುದು. ನಾವು ಇಂಗುಗುಂಡಿ ತೋಡಬೇಕಿದ್ದ ಮನೆಯ ಅಜ್ಜಿ ಕಟ್ಟೆಯ ಮೇಲಿನಿಂದ ಕೇಳಿದಳು: “ಯಪ್ಪಾ, ನಿನ್ನಿ ಅಷ್ಟು ಮಂದಿ ಇದ್ರಲ್ಲ, ಎಲ್ಲಾರೂ ಓಡಿಹೋದ್ರೇನು?”

“ಓಡಿಹೋದವ ಇವನೊಬ್ಬನs ಬೇ,” ಎಂದರು ಸರ್. “ಅದಕ್ಕs ಇಲ್ಲಿದ್ದಾನ.”

ಗುಂಡಿ ನಾಲ್ಕಡಿ ಆಳ ಇದ್ದಿರಬೇಕು. ನಾನು ಹೇಳಿದಾಗಲೆಲ್ಲ ಒಂದಡಿ ಇಳಿಯುತ್ತದೆ. ಇನ್ನೆರಡು ವರ್ಷಕ್ಕೆ ಅಜ್ಜಿಯ ಅಂಗಳದಲ್ಲಿ ಬಾವಿಯಾಗುತ್ತದೆ. ನಾನೊಬ್ಬನೇ ತೋಡಿದೆ ಎಂದೂ ಹೇಳುತ್ತ ಬಂದಿದ್ದೇನೆ. ಆದರೆ ಕಣ್ಣು ಮುಚ್ಚಿದರೆ ಕಾಣುವುದು ಗುಂಡಿಯೊಳಗೆ ಗುದ್ದಲಿ ಹಿಡಿದ ಸರ್ ಬೆನ್ನು, ಮೇಲೆ ನೆರಳಲ್ಲಿ ಚಹಾ ಕುಡಿಯುತ್ತಿರುವ ನಾನು. ಆ ಮಧ್ಯಾಹ್ನ ಅವರ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಪ್ರತಿ ಸಲವೂ ಒಂದೇ ಉತ್ತರ: “ಶಿಬಿರ ನಡದದ್ರಿ, ಬರಾಕಾಗಂಗಿಲ್ಲ.”

ಸಿಟ್ಟು ತಡೆಯಲಾಗದೆ ಕೇಳಿಯೇಬಿಟ್ಟೆ: “ಸರ್, ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ?”

ಸರ್ ಗಡಿಯಾರ ನೋಡಿಕೊಂಡರು. “ಇವತ್ತಿನ ಮಟ್ಟಿಗಿ ಇದೇ ಕೆಲಸ. ಅಗಿ.”

ಸಂಜೆ ಸಮಾರೋಪ. ನಾನು ಹಾಡಿದೆ, ಸರ್ ಚಪ್ಪಾಳೆ ತಟ್ಟಿದರು. ವಂದನಾರ್ಪಣೆಯಲ್ಲಿ “ಆಗಮಿಸಿದ ಎಲ್ಲರಿಗೂ” ಎಂದಾಗ ತಡೆದು, “ಎಲ್ಲಾರು ಅನಬ್ಯಾಡ, ಇದ್ದವ್ರ ಹೆಸರು ಹೇಳು” ಎಂದರು. ಅವರೊಬ್ಬರ ಹೆಸರು ಹೇಳಿದೆ. ಪ್ರಮಾಣಪತ್ರಕ್ಕೆ ಸಹಿ ಮಾಡಿ, ತಾರೀಖು ಬರೆದು, ಶಾಯಿ ಆರುವವರೆಗೆ ಊದಿ ಕೊಟ್ಟರು. ಅದರ ಬಲದಿಂದಲೇ ನನಗೆ ಸೀಟು ಸಿಕ್ಕಿತು, ನಾನು ದೊಡ್ಡ ಸಂಶಯವಾದಿಯಾದೆ.

ಹೋದ ತಿಂಗಳು ಯಾದಗಿರಿ ಬಸ್‌ಸ್ಟ್ಯಾಂಡಿನಲ್ಲಿ ಮಹಿಬೂಬ ಸಿಕ್ಕ. ಈ ಕಥೆಯನ್ನು ಅವನಿಗೂ ಹೇಳಿ ನಗಿಸಲು ಹೋದೆ. ಅವನು ನಗಲಿಲ್ಲ.

“ಅವತ್ತು ಸರ್ ರಿಟೈರ್ ಆಗೋ ದಿನ ಇತ್ತಲೇ. ನಾವೆಲ್ಲ ಶಾಲು, ಹಾರ ಹಿಡ್ಕೊಂಡು ಸಂಜಿತನಕ ಕಾಲೇಜಿನಾಗ ಕುಂತಿದ್ವಿ. ಫೋನ್ ಮಾಡಿ ಮಾಡಿ ಸಾಕಾತು. ನೋಟೀಸ್ ಬೋರ್ಡಿಗಿ ಹಚ್ಚಿದ್ರಲ್ಲ, ನೋಡಿದ್ದಿಲ್ಲೇನು?”

ನೋಡಿರಲಿಲ್ಲ. ನೋಟೀಸ್ ಬೋರ್ಡು ಓದುವುದನ್ನು ಆಗ ನಾನು ತಾತ್ವಿಕವಾಗಿ ವಿರೋಧಿಸುತ್ತಿದ್ದೆ.

“ಮರುದಿನದಿಂದ ಅವ್ರ ಸಹಿ ನಡೀತಿದ್ದಿಲ್ಲ,” ಎಂದ ಮಹಿಬೂಬ. “ಸುಳ್ಳು ಹಾಜರಿ ಅವ್ರ ಕೈಲೆ ಬರಿಯಾಕಾಗಂಗಿಲ್ಲ. ನಿನಗ ಕೊಡಾಕ ಅವ್ರ ಕಡೆ ಅದೊಂದs ದಿನ ಉಳದಿತ್ತು.”

ನಾನು ನಂಬಲಿಲ್ಲ. ಮಹಿಬೂಬನೂ ನನ್ನಂತೆಯೇ ಕಥೆಗೆ ಬಣ್ಣ ಹಚ್ಚುವವನು. ಮನೆಗೆ ಹೋಗಿ ಹಳೆಯ ಫೈಲಿನಿಂದ ಪ್ರಮಾಣಪತ್ರ ತೆಗೆದೆ, ಮರುದಿನ ಸುರಪುರದ ಬಸ್ಸು ಹತ್ತಿದೆ. ಕಾಲೇಜಿನ ಗುಮಾಸ್ತರು ಗೊಣಗುತ್ತಲೇ ನಿವೃತ್ತರಾದವರ ಹಳೆಯ ಪುಸ್ತಕವೊಂದನ್ನು ಹುಡುಕಿ ತಂದು, ಸರ್ ಹೆಸರಿನ ಸಾಲಿನ ಮೇಲೆ ಬೆರಳಿಟ್ಟರು. ಪಕ್ಕದಲ್ಲಿ ನನ್ನ ಪ್ರಮಾಣಪತ್ರ ಇಟ್ಟು ನೋಡಿದೆ.

ತಾರೀಖು ಎರಡರಲ್ಲೂ ಒಂದೇ.